ಗಡ್ಡೆ ಒಂದು ಕಡೆ, ಫಿಟ್ಸ್ ಹುಟ್ಟುವುದು ಅದರ ಪಕ್ಕದಲ್ಲಿ. ಯಾಕೆ?

ಪ್ರಶ್ನೆ (ಮಂಡ್ಯದಿಂದ): ಮೇಡಂ ನಮಸ್ಕಾರ. ನಮ್ಮಪ್ಪನಿಗೆ 52. ಕಬ್ಬು ಬೆಳೆಯುತ್ತಾರೆ. ಬಿಪಿ, ಶುಗರ್ ಏನೂ ಇಲ್ಲ. ಹೋದ ತಿಂಗಳು ಆಲೆಮನೆ ಹತ್ತಿರ ಟೀ ಕುಡಿಯುತ್ತಾ ಕೂತಿದ್ದಾಗ ಎಡಗೈ ಹೆಬ್ಬೆರಳು ತಾನಾಗೇ ಅದುರೋಕೆ ಶುರುವಾಯಿತು, ಆಮೇಲೆ ಇಡೀ ಕೈ, ಆಮೇಲೆ ಬಾಯಿಯ ಎಡತುದಿ ಎಳೆದುಕೊಂಡಿತು. ಲೋಟ ಬಿದ್ದುಹೋಯಿತು. ಎರಡು ನಿಮಿಷ ಇರಬಹುದು, ಎಚ್ಚರ ತಪ್ಪಲಿಲ್ಲ. ಎಂಆರ್‌ಐನಲ್ಲಿ ಮೆದುಳಿನ ಬಲಗಡೆ ಮುಂಭಾಗದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇದೆ, ನಿಧಾನವಾಗಿ ಬೆಳೆಯೋ ಗ್ಲಯೋಮಾ (ನರಕೋಶಗಳಿಗೆ ಆಸರೆಯಾಗಿರೋ ಕೋಶಗಳಿಂದ ಹುಟ್ಟೋ ಗಡ್ಡೆ) ಇರಬಹುದು ಅಂದರು. ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ‘ಫಿಟ್ಸ್ ಬರುವುದು ಗಡ್ಡೆಯಿಂದ ಅಲ್ಲ, ಸುತ್ತಲಿನ ಜಾಗದಿಂದ’ ಅಂತ ಡಾಕ್ಟರು ಹೇಳಿ ಮುಂದಿನ ಪೇಷೆಂಟನ್ನು ಕರೆದುಬಿಟ್ಟರು. ಇದು ಹೇಗೆ? ನಿಧಾನವಾಗಿ ಬೆಳೆಯೋ ಗಡ್ಡೆಗೇ ಫಿಟ್ಸ್ ಯಾಕೆ?

ಉತ್ತರ (ನರರೋಗ ತಜ್ಞೆ, ಮೈಸೂರು): ನಿಮ್ಮ ಡಾಕ್ಟರು ಹೇಳಿದ್ದು ಸರಿ, ಅರ್ಧಕ್ಕೆ ನಿಲ್ಲಿಸಿದರು ಅಷ್ಟೆ. ಫಿಟ್ಸ್ ಅಂದರೆ ನರಕೋಶಗಳೆಲ್ಲ ಒಟ್ಟಿಗೆ ಕೂಗಿಕೊಳ್ಳುವುದು. ಗಡ್ಡೆಯ ಕೋಶಗಳಿಗೆ ಹಾಗೆ ಕೂಗೋಕೆ ಬರುವುದಿಲ್ಲ. ಕೂಗುವುದು ಅಕ್ಕಪಕ್ಕದಲ್ಲಿ ಇನ್ನೂ ಜೀವಂತ ಇರುವ ಒಳ್ಳೆಯ ನರಕೋಶಗಳು.

ನಿಮಗೆ ಗದ್ದೆ ಗೊತ್ತಲ್ವಾ, ಅದನ್ನೇ ಇಟ್ಟುಕೊಳ್ಳಿ. ಮೆದುಳಿನಲ್ಲಿ ಗ್ಲುಟಮೇಟ್ ಅಂತ ಒಂದು ರಾಸಾಯನಿಕ ಇದೆ. ಒಂದು ನರಕೋಶ ಇನ್ನೊಂದನ್ನು ಎಬ್ಬಿಸೋದು ಅದರಿಂದಲೇ. ನೀರಿನ ಹಾಗೆ, ಬೇಕು, ಆದರೆ ಜಾಸ್ತಿ ನಿಲ್ಲಬಾರದು. ಕೆಲಸ ಮುಗಿದ ತಕ್ಷಣ ಅದನ್ನು ಹೀರಿ ತೆಗೆಯೋಕೆ ಅಸ್ಟ್ರೊಸೈಟ್ ಅನ್ನೋ ಕೋಶಗಳಿವೆ, ಬಸಿಗಾಲುವೆ ಇದ್ದ ಹಾಗೆ. ಗ್ಲಯೋಮಾ ಏನು ಮಾಡುತ್ತದೆ ಅಂದರೆ, ತನ್ನ ಉಳಿವಿಗೆ ಬೇಕಾದ ಸಿಸ್ಟೀನ್ ಅನ್ನೋದನ್ನು ಒಳಗೆ ಎಳೆದುಕೊಳ್ಳುತ್ತದೆ, ಅದಕ್ಕೆ ಬದಲಾಗಿ ಗ್ಲುಟಮೇಟನ್ನು ಹೊರಗೆ ಸುರಿಯುತ್ತದೆ. ಹೀರಿಕೊಳ್ಳೋ ಕೆಲಸವನ್ನಂತೂ ಅದು ಸರಿಯಾಗಿ ಮಾಡುವುದೇ ಇಲ್ಲ. ಮೇಲಿನ ಗದ್ದೆಯವನು ನೀರು ಬಿಟ್ಟು ಮಲಗಿದ್ದಾನೆ, ಕೆಳಗೆ ಬಸಿಗಾಲುವೆಯೂ ಕಟ್ಟಿಕೊಂಡಿದೆ. ಒಡೆಯುವುದು ನಿಮ್ಮ ಬದು.

ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಮೆದುಳಿಗೆ ಬ್ರೇಕ್ ಕೂಡ ಇದೆ. ‘ಸಾಕು, ಸುಮ್ನಿರಿ’ ಅಂತ ಉಳಿದವನ್ನು ತಡೆಯೋ ನರಕೋಶಗಳು. ಇವುಗಳಲ್ಲಿ ಕೆಲವಕ್ಕೆ ಸುತ್ತಲೂ ಬಲೆಯಂಥ ಒಂದು ಹೊದಿಕೆ ಇರುತ್ತದೆ, ಅದಿದ್ದರೇ ಅವು ಚುರುಕಾಗಿ ಕೆಲಸ ಮಾಡೋದು. ಗಡ್ಡೆ ಹೊರಬಿಡೋ ಕಿಣ್ವಗಳು ಆ ಬಲೆಯನ್ನು ಕರಗಿಸುತ್ತವೆ. 2018ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಇನ್ನೊಂದು ವಿಚಿತ್ರ ಇದೆ, ನನಗೆ ಓದುವಾಗಲೇ ಸೋಜಿಗ ಆಗಿತ್ತು. ಗಡ್ಡೆ ಪಕ್ಕದ ನರಕೋಶಗಳ ಒಳಗೆ ಕ್ಲೋರೈಡ್ ತುಂಬಿಕೊಳ್ಳುತ್ತದೆ. ಆಗ ತಡೆಯೋಕೆ ಬರುವ ಗಾಬಾ ಅನ್ನೋ ರಾಸಾಯನಿಕವೇ ಅವನ್ನು ಕೆರಳಿಸಬಹುದು. ಬ್ರೇಕ್ ಒತ್ತಿದರೆ ಗಾಡಿ ಓಡಿದ ಹಾಗೆ.

ನಿಧಾನದ ಗಡ್ಡೆಗೇ ಯಾಕೆ ಅಂದರೆ, ಸತ್ತ ಕೋಶ ಕೂಗುವುದಿಲ್ಲ. ಜೋರಾಗಿ ಬೆಳೆಯೋದು ಪಕ್ಕದ್ದನ್ನೆಲ್ಲ ಬೇಗ ಕೊಂದುಹಾಕುತ್ತದೆ. ನಿಧಾನದ್ದು ವರ್ಷಗಟ್ಟಲೆ ಕೆರಳಿಸುತ್ತಾ ಕೂರುತ್ತದೆ. ಜೊತೆಗೆ ಇಂಥ ಗಡ್ಡೆಗಳಲ್ಲಿ ಐಡಿಎಚ್ ಅನ್ನೋ ಜೀನ್ ಬದಲಾಗಿರುವುದು ಜಾಸ್ತಿ. ಹಾಗಾದಾಗ ಗಡ್ಡೆ ತಯಾರಿಸೋ ಒಂದು ವಸ್ತು ನೋಡೋಕೆ ಗ್ಲುಟಮೇಟ್ ಥರಾನೇ ಇರುತ್ತದೆ, ಅದೂ ಪಕ್ಕದ ನರಕೋಶಗಳನ್ನು ಕೆರಳಿಸಬಹುದು. ಬಯಾಪ್ಸಿ ರಿಪೋರ್ಟ್ ಬಂದಾಗ ಐಡಿಎಚ್ ಏನಾಗಿದೆ ಅಂತ ಕೇಳಿ.

ಹೆಬ್ಬೆರಳಿಂದ ಬಾಯಿಗೆ ಹೋದದ್ದು ಕೂಡ ಸುಮ್ನೆ ಅಲ್ಲ. ಕೈಕಾಲು ಆಡಿಸೋ ಪಟ್ಟಿಯಲ್ಲಿ ಹೆಬ್ಬೆರಳು ಮತ್ತು ಮುಖದ ಜಾಗ ಅಕ್ಕಪಕ್ಕ ಇವೆ. ಬೆಂಕಿ ಪಕ್ಕದ ಮನೆಗೆ ಹೋಯಿತು.

ಪ್ರಶ್ನೆ (ಅವರೇ): ಹಾಗಾದರೆ ಮತ್ತೆ ಫಿಟ್ಸ್ ಬಂದರೆ ಗಡ್ಡೆ ಬೆಳೆದಿದೆ ಅಂತಲೇ?

ಉತ್ತರ: ಹಾಗೇ ಅಂತ ಹೇಳಲಾಗದು. ಮಾತ್ರೆ ಒಂದು ಹೊತ್ತು ತಪ್ಪಿದರೆ, ನಿದ್ದೆಗೆಟ್ಟರೆ, ಜ್ವರ ಬಂದರೂ ಬರಬಹುದು. ಆದರೆ ಪದೇ ಪದೇ ಬರತೊಡಗಿದರೆ ಬೇಗ ತೋರಿಸಿ. ಗಡ್ಡೆ ಎಷ್ಟು ಪೂರ್ತಿ ತೆಗೆಯಲಾಗುತ್ತದೋ ಫಿಟ್ಸ್ ನಿಲ್ಲೋ ಸಾಧ್ಯತೆ ಅಷ್ಟು ಜಾಸ್ತಿ. ಮಾತ್ರೆ ಕೂಗನ್ನು ತಡೆಯುತ್ತದೆ, ಗಡ್ಡೆಯನ್ನು ಕರಗಿಸುವುದಿಲ್ಲ. ಆಪರೇಷನ್ ಆಯ್ತಲ್ಲ ಅಂತ ನೀವೇ ನಿಲ್ಲಿಸಬೇಡಿ.

ಪ್ರಶ್ನೆ (ಶ್ರೀರಂಗಪಟ್ಟಣದಿಂದ): ನಮ್ಮತ್ತೆಗೆ ಮೆನಿಂಜಿಯೋಮಾ. ಅದು ಮೆದುಳಿನ ಹೊರಗೆ ಅಂತಾರೆ, ಅವರಿಗೂ ಫಿಟ್ಸ್ ಬಂತಲ್ಲ?

ಉತ್ತರ: ಅದು ಮೆದುಳಿನ ಹೊದಿಕೆಯಿಂದ ಹುಟ್ಟುತ್ತದೆ. ಅಲ್ಲಿ ಮುಖ್ಯವಾಗಿ ಒತ್ತಡ ಮತ್ತು ಸುತ್ತಲಿನ ಊತದ ಕಾಟ.

ಒಬ್ಬರು: ಕೈಗೆ ಬೀಗದ ಕೈ ಕೊಟ್ಟರೆ ನಿಲ್ಲುತ್ತದೆ, ನಾವು ನೋಡಿದ್ದೇವೆ.

ಉತ್ತರ: ಸ್ವಾಮಿ, ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷಕ್ಕೆ ತಾನಾಗೇ ನಿಲ್ಲುತ್ತದೆ. ನೀವು ಬೀಗದ ಕೈ ಹುಡುಕಿ ತರುವಷ್ಟರಲ್ಲಿ ನಿಂತಿರುತ್ತದೆ, ಹೆಸರು ಬೀಗದ ಕೈಗೆ. ಎಚ್ಚರ ತಪ್ಪಿದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ (ಮಂಡ್ಯದವರೇ): ಕೊನೆಯದು ಮೇಡಂ. ಫಿಟ್ಸ್‌ಗೆ ಕೊಟ್ಟ ಲೆವೆಟಿರಾಸಿಟಾಮ್ ಮಾತ್ರೆ ಶುರುವಾದ ಮೇಲೆ ಅಪ್ಪನಿಗೆ ಸಣ್ಣದಕ್ಕೂ ಸಿಟ್ಟು. ಮೊನ್ನೆ ಸಾರಿಗೆ ಉಪ್ಪು ಕಮ್ಮಿ ಅಂತ ತಟ್ಟೆ ತಳ್ಳಿದರು.

ಉತ್ತರ: ಆ ಮಾತ್ರೆಯಿಂದ ಕೆಲವರಿಗೆ ಸಿಟ್ಟು, ಬೇಜಾರು ಬರುವುದುಂಟು. ಡಾಕ್ಟರಿಗೆ ಇದನ್ನು ಹೇಳಲೇಬೇಕು, ಬೇರೆ ಮಾತ್ರೆಗೆ ಬದಲಿಸಬಹುದು. ನೀವಾಗಿ ಮಾತ್ರ ಬಿಡಿಸಬೇಡಿ.

ಮಂಡ್ಯದವರು: ಹೇಳ್ತೀನಿ ಮೇಡಂ. ಮಾತ್ರೆಯಿಂದ ಅಂದರೆ ಅಮ್ಮ ನಂಬುತ್ತಿಲ್ಲ. ‘ಆ ಸಿಟ್ಟು ನಾನು ಮದುವೆಯಾಗಿ ಬಂದಾಗಿಂದ ಇದೆ’ ಅಂತಾರೆ.