ಅನಘಾ ಯಾರ ಕಡೆ? ಒಂದು ರಜೆ ಪ್ರೇಮದ ಕಾದಂಬರಿ, ನಾಲ್ಕು ಜನರ ತಕರಾರು

ಕಿಂಗ್ಸ್ ಸರ್ಕಲ್:
ಹದಿಹರೆಯದವರಿಗೆ ಅಂತ ಒಂದು ಹಗುರವಾದ ಕಾದಂಬರಿ ಬರೆಯುತ್ತಿದ್ದೇನೆ. ಮೊದಲ ಮೂರು ಅಧ್ಯಾಯ ಎಲ್ಲರಿಗೂ ಕಳಿಸಿದ್ದೆ. ಓದದವರಿಗೆ ಕತೆ ಇಷ್ಟು: ಮುಂಬೈ ಮಾಟುಂಗಾದ ಅನಘಾ ಹತ್ತನೇ ಕ್ಲಾಸ್ ಪರೀಕ್ಷೆ ಮುಗಿಸಿ, ಮೇ ತಿಂಗಳಿಗೆ ಗೋವಾದ ಬೇತುಲ್ ಹತ್ತಿರ ಚಿಕ್ಕಮ್ಮನ ಮನೆಗೆ ಹೋಗುತ್ತಾಳೆ. ರೈಲಿನಲ್ಲಿ ಪುಣೆಯ ಸುಮಂತ ಸಿಗುತ್ತಾನೆ. ಮಾತಿನ ಮಲ್ಲ, ಅವನೂ ರಜೆಗೆ ಹೊರಟವನು. ಚಿಕ್ಕಮ್ಮನ ಪಕ್ಕದ ಮನೆಯಲ್ಲಿ ಜೋಯಲ್. ಅವನ ಅಪ್ಪನದು ಮೀನಿನ ಟ್ರಾಲರ್. ಇಬ್ಬರಿಗೂ ಅನಘಾ ಇಷ್ಟ, ಅವಳಿಗೂ ಇಬ್ಬರೂ ಇಷ್ಟ. ಕೊನೆಯಲ್ಲಿ ಸುಮಂತನಿಗೆ ಪುಣೆಯಲ್ಲಿ ಇನ್ನೊಬ್ಬ ಹುಡುಗಿ ಇದ್ದಾಳೆ ಅಂತ ಗೊತ್ತಾಗುತ್ತದೆ. ಅನಘಾ ಜೋಯಲ್ ಕಡೆ ಹೋಗುತ್ತಾಳೆ. ಹೇಗಿದೆ? ಸುಮ್ನೆ ಹೊಗಳಬೇಡಿ.

ಡೊಂಬಿವಲಿ ಲೋಕಲ್:
ಹೊಗಳಲ್ಲ, ಬಿಡಿ. ಸುಮಂತ ಮೋಸಗಾರ ಅಂದ ಕೂಡಲೇ ಕತೆ ಸತ್ತಿತು. ಹುಡುಗಿಗೆ ಆರಿಸುವ ಕಷ್ಟವೇ ಉಳಿಯಲಿಲ್ಲ. ಒಬ್ಬ ಕೆಟ್ಟವನಾದ, ಇನ್ನೊಬ್ಬ ಉಳಿದ. ಅಷ್ಟಕ್ಕೆ ಇಬ್ಬರು ಹುಡುಗರು ಯಾಕೆ ಬೇಕಿತ್ತು? ಇಬ್ಬರೂ ಒಳ್ಳೆಯವರಾಗಿದ್ದೂ ಅವಳು ಒಬ್ಬನಿಗೆ ಬೇಡ ಅನ್ನಬೇಕು. ಆ ಮಾತನ್ನು ಅವಳು ಹೇಗೆ ಹೇಳುತ್ತಾಳೆ ಅನ್ನೋದನ್ನು ಓದುವುದಕ್ಕೇ ನಾನು ಪುಸ್ತಕ ತೆಗೆಯುವುದು.

ಹದಿನಾರರ ಹುಡುಗಿ:
ನೂರಕ್ಕೆ ನೂರು. ಆಂಟಿ, ನಾನು ಅನಘಾ ವಯಸ್ಸಿನವಳೇ, ಅದಕ್ಕೆ ಹೇಳ್ತಿದ್ದೇನೆ. ಇಂಥ ಕತೆ ಓದುವಾಗ ನಮ್ಮ ಕ್ಲಾಸಿನಲ್ಲಿ ಎರಡು ಪಾರ್ಟಿ ಆಗುತ್ತೆ. ಟೀಮ್ ಸುಮಂತ, ಟೀಮ್ ಜೋಯಲ್. ಡಬ್ಬಿ ತಿನ್ನುವಾಗ ಜಗಳ ಆಡ್ತೀವಿ. ಮಜಾ ಇರೋದೇ ಅದರಲ್ಲಿ. ನೀವು ಸುಮಂತನನ್ನು ಕೆಡಿಸಿದರೆ ಅರ್ಧ ಕ್ಲಾಸಿಗೆ ಮಾತೇ ಇರಲ್ಲ.

ನಿವೃತ್ತ ಮೇಷ್ಟ್ರು:
ಹದಿನಾರು ವರ್ಷದ ಹುಡುಗಿ, ಎರಡು ಪ್ರೇಮ, ಒಂದೇ ತಿಂಗಳು. ನಮ್ಮ ಕಾಲದ ವಾರಪತ್ರಿಕೆ ಧಾರಾವಾಹಿಗಳಲ್ಲಿ ನಾಯಕಿ ಪತ್ರ ಹಾಕಿ ಉತ್ತರಕ್ಕೆ ಎಂಟು ಕಂತು ಕಾಯುತ್ತಿದ್ದಳು. ಇಲ್ಲಿ ಚಿಕ್ಕಮ್ಮ ಅನ್ನುವವರು ಇದ್ದಾರೋ, ಬರೀ ಮನೆ ಮಾತ್ರ ಅವರದೋ?

ಡೊಂಬಿವಲಿ ಲೋಕಲ್:
ಮೇಷ್ಟ್ರೇ, ಈ ಕತೆಯಲ್ಲಿ ಯಾರೂ ಓಡಿಹೋಗುವುದಿಲ್ಲ. ಐಸ್ ಕ್ರೀಮ್ ತಿಂತಾರೆ, ಮುನಿಸಿಕೊಳ್ತಾರೆ. ಆದರೆ ಚಿಕ್ಕಮ್ಮನ ವಿಷಯ ಸರಿ. ಅವರು ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಾ, ಏನೂ ಗೊತ್ತಿಲ್ಲದ ಹಾಗೆ ಹುಡುಗರಿಬ್ಬರಿಗೂ ತೆಂಗಿನಕಾಯಿ ಸುಲಿಯಲು ಹಚ್ಚಬೇಕು. ನಗು ಅಲ್ಲಿ ಬರುತ್ತೆ.

ವಾಸ್ಕೋ ವಾಸಿ:
ಪ್ರೇಮ ನೀವು ನೋಡಿಕೊಳ್ಳಿ, ನಾನು ಗೋವಾ ನೋಡ್ತೀನಿ. ಎರಡನೇ ಅಧ್ಯಾಯದಲ್ಲಿ ಅನಘಾ, ಸುಮಂತ ಇಬ್ಬರೂ ಮುಂಬೈಯಿಂದ ಬರುವ ಕೊಂಕಣ ಕನ್ಯಾ ರೈಲಿನ ಕಿಟಕಿಯಿಂದ ದೂಧ್‌ಸಾಗರ ಜಲಪಾತ ನೋಡ್ತಾರೆ. ಅಕ್ಕಾ, ಅದು ರಾತ್ರಿ ಗಾಡಿ. ಮೇಲಾಗಿ ಕೊಂಕಣ ರೈಲಿನ ದಾರಿಯಲ್ಲಿ ದೂಧ್‌ಸಾಗರ ಇಲ್ಲವೇ ಇಲ್ಲ. ಅದು ಲೋಂಡಾ, ಕ್ಯಾಸಲ್ ರಾಕ್ ಕಡೆಯಿಂದ ಇಳಿದು ಬರುವ ದಾರಿ. ಪುಣೆಯಿಂದ ಬೆಳಗಾವಿ ಮೇಲೆ ಬರುವ ಗೋವಾ ಎಕ್ಸ್‌ಪ್ರೆಸ್ಸಿಗೆ ಸಿಗುತ್ತೆ. ಅದೂ ಮೇ ತಿಂಗಳಲ್ಲಿ ನೀರು ದಾರದಷ್ಟು. ಅನಘಾಳನ್ನು ಮಾಂಡವಿಗೆ ಹತ್ತಿಸಿ. ಹಗಲು ಗಾಡಿ, ತಿನ್ನೋಕೂ ಚೆನ್ನಾಗಿ ಸಿಗುತ್ತೆ. ಸುಮಂತ ಪನವೇಲ್‌ನಲ್ಲಿ ಹತ್ತಲಿ. ರತ್ನಾಗಿರಿ ಹತ್ತಿರ ಕರಬುಡೆ ಸುರಂಗ ಬರುತ್ತೆ, ಆರೂವರೆ ಕಿಲೋಮೀಟರ್. ಕತ್ತಲೆ ಬೇಕಾದರೆ ಬೇಕಾದಷ್ಟಿದೆ.

ಹದಿನಾರರ ಹುಡುಗಿ:
ಬೋಗಿಯಲ್ಲಿ ಲೈಟ್ ಇರುತ್ತಲ್ಲ ಅಂಕಲ್ 😂

ಕಿಂಗ್ಸ್ ಸರ್ಕಲ್:
ಲೈಟ್ ಇರಲಿ. ಸದ್ದು ಎಷ್ಟಿರುತ್ತೆ ಅಂದರೆ ಸುಮಂತ ಏನೋ ಹೇಳ್ತಾನೆ, ಅವಳಿಗೆ ಕೇಳಿಸಲ್ಲ. ಸುರಂಗ ಮುಗಿದ ಮೇಲೆ ಕೇಳಿದರೆ ಅವನು ಹೇಳಲ್ಲ. ಆ ಸುರಂಗ ನನಗೆ ಬೇಕು, ಥ್ಯಾಂಕ್ಸ್. ಆದರೆ ಜೋಯಲ್‌ನ ಬುಲೆಟ್ ವಿಷಯ ಎತ್ತಬೇಡಿ.

ವಾಸ್ಕೋ ವಾಸಿ:
ಎತ್ತೇ ಎತ್ತುತ್ತೇನೆ. ಅವನಿಗೆ ಹದಿನೇಳು. ಗೇರ್ ಗಾಡಿ ಲೈಸೆನ್ಸಿಗೆ 18 ಆಗಬೇಕು. ಮೊದಲ ತಿರುವಿನಲ್ಲೇ ಪೊಲೀಸ್ ಹಿಡಿದರೆ ಪ್ರೇಮ ಅಲ್ಲಿಗೇ ಮುಗೀತು. ಕದಂಬ ಬಸ್ಸಿನಲ್ಲಿ ಕೂರಿಸಿ.

ಇನ್ನೊಂದು ದೊಡ್ಡ ವಿಷಯ. ಟ್ರಾಲರ್ ಮನೆಯ ಹುಡುಗ ಮೇ ತಿಂಗಳಲ್ಲಿ ಸಂಜೆ ಸಂಜೆ ಬೀಚಿನಲ್ಲಿ ಗಿಟಾರ್ ಬಾರಿಸ್ತಾ ಕೂರಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಗೋವಾದಲ್ಲಿ ಟ್ರಾಲರ್ ಮೀನುಗಾರಿಕೆ ಬಂದ್. ಹಾಗಾಗಿ ಮೇ ಅಂದರೆ ಕೊನೇ ದುಡಿಮೆ. ಅವನು ನಸುಕಿಗೇ ಕುಟ್ಬೋಣ ಜೆಟ್ಟಿಯಲ್ಲಿ ಅಪ್ಪನ ಜೊತೆ ಐಸ್ ಹಾಕ್ತಾ, ಬಂಗುಡೆ ಬುಟ್ಟಿ ಎಣಿಸ್ತಾ ನಿಂತಿರ್ತಾನೆ. ಅನಘಾಳನ್ನು ನೋಡೋಕೆ ಬರುವ ಮೊದಲು ಕೈಗೆ ಲಿಂಬೆಹಣ್ಣು ತಿಕ್ಕಿಕೊಳ್ತಾನೆ. ಆದರೂ ವಾಸನೆ ಹೋಗಲ್ಲ.

ಡೊಂಬಿವಲಿ ಲೋಕಲ್:
ನಿಲ್ಲಿ ನಿಲ್ಲಿ. ಹಾಗಾದರೆ ಜೋಯಲ್‌ಗೆ ಬಿಡುವು ಸಿಗೋದೇ ಜೂನ್ 1ಕ್ಕೆ. ಅನಘಾ ಟಿಕೆಟ್ ಯಾವತ್ತಿದು?

ಕಿಂಗ್ಸ್ ಸರ್ಕಲ್:
ಜೂನ್ 2.

ಡೊಂಬಿವಲಿ ಲೋಕಲ್:
ನೋಡಿ, ಕತೆ ಇಲ್ಲೇ ಬಿದ್ದಿದೆ! ಸುಮಂತನ ಹತ್ತಿರ ಇಡೀ ತಿಂಗಳು ಇದೆ. ಜೋಯಲ್ ಹತ್ತಿರ ಇರೋದು ಒಂದೇ ದಿನ. ಪುಣೆ ಹುಡುಗಿಯ ಸುಳ್ಳು ಯಾಕೆ ಬೇಕು? ಒಬ್ಬ ದಿನಾ ಸಿಗ್ತಾನೆ, ಇನ್ನೊಬ್ಬ ಕಷ್ಟಪಟ್ಟು ಹತ್ತು ನಿಮಿಷ ಬಂದು ಹೋಗ್ತಾನೆ. ಅವಳು ಯಾರ ದಾರಿ ಕಾಯ್ತಾಳೆ ಅನ್ನೋದು ಅವಳಿಗೇ ತಡವಾಗಿ ಗೊತ್ತಾಗಲಿ.

ನಿವೃತ್ತ ಮೇಷ್ಟ್ರು:
ಕಾಯುವುದು ಬಂತಲ್ಲ. ನಾನು ಹೇಳಿದ್ದೂ ಅದನ್ನೇ.

ಹದಿನಾರರ ಹುಡುಗಿ:
ಆದರೆ ಕೊನೆಗೆ 'ಇಬ್ಬರೂ ಬೇಡ, ನನಗೆ ನಾನೇ ಸಾಕು' ಅಂತ ಮಾತ್ರ ಬರೀಬೇಡಿ ಆಂಟಿ. ಈಗ ಎಲ್ಲರೂ ಅದನ್ನೇ ಬರೀತಾರೆ. ಓದಿದವರಿಗೆ ಪಾಠ ಹೇಳಿದ ಹಾಗಿರುತ್ತೆ. ರಜೆಯ ಪುಸ್ತಕದಲ್ಲೂ ಪಾಠ ಯಾಕೆ?

ಕಿಂಗ್ಸ್ ಸರ್ಕಲ್:
ನನಗೆ ಆ ಕೊನೆ ಬಗ್ಗೆ ಸ್ವಲ್ಪ ಆಸೆ ಇತ್ತು, ನಿಜ ಹೇಳಬೇಕಂದ್ರೆ. ಹದಿನಾರಕ್ಕೆ ಯಾರನ್ನಾದರೂ ಆರಿಸಲೇಬೇಕು ಅಂತ ಏನು ಕಾನೂನು?

ಡೊಂಬಿವಲಿ ಲೋಕಲ್:
ಕಾನೂನಿಲ್ಲ. ಆದರೆ ಇನ್ನೂರು ಪುಟ ಓದುಗರನ್ನು ಕಾಯಿಸಿದ್ದೀರಿ. ಆ ಒಂದು ದಿನ ಅವಳು ಯಾರ ಜೊತೆ ಕಳೆದಳು ಅಂತ ತೋರಿಸಿ ಸಾಕು. ಮದುವೆ ಮಾಡಿಸಿ ಅಂತ ಯಾರೂ ಕೇಳ್ತಿಲ್ಲ. ಮುಂಬೈಗೆ ಬಂದು ಹನ್ನೊಂದನೇ ಕ್ಲಾಸ್ ಅಡ್ಮಿಷನ್ ಗಡಿಬಿಡಿಯಲ್ಲಿ ಬಿದ್ದ ಮೇಲೆ ಅವಳು ಮರೆತರೂ ಮರೆಯಬಹುದು.

ವಾಸ್ಕೋ ವಾಸಿ:
ಜೂನ್ ಮೊದಲ ವಾರ ಇಲ್ಲಿ ಮಳೆ ಶುರುವಾಗೋ ಹೊತ್ತು. ಕೊನೇ ದಿನ ಇಬ್ಬರನ್ನೂ ಸಮುದ್ರಕ್ಕೆ ಇಳಿಸಬೇಡಿ, ಅಲೆ ಜೋರಿರುತ್ತೆ. ದಡದಲ್ಲಿ ಬಲೆ ಮಡಚುವ ಕೆಲಸ ಕೊಡಿ. ಜೋಯಲ್‌ಗೆ ನನ್ನ ವೋಟು.

ಹದಿನಾರರ ಹುಡುಗಿ:
ಎಲ್ಲರೂ ಟೀಮ್ ಜೋಯಲ್ ಆದರೆ ಹೇಗೆ? ಪಾಪ ಸುಮಂತನಿಗೆ ಯಾರೂ ಇಲ್ವಾ?

ನಿವೃತ್ತ ಮೇಷ್ಟ್ರು:
ನಾನಿದ್ದೇನೆ. ಮೂರನೇ ಅಧ್ಯಾಯದಲ್ಲಿ ಆ ಹುಡುಗ ಚಿಕ್ಕಮ್ಮನ ಬ್ಯಾಂಕ್ ಫಾರಂ ತುಂಬಿಕೊಟ್ಟಿದ್ದಾನೆ, ಒಂದೂ ಚಿತ್ತಿಲ್ಲದೆ. ಅವನನ್ನು ಮೋಸಗಾರ ಮಾಡಿದರೆ ನಾನು ಮುಂದಿನ ಅಧ್ಯಾಯ ಓದುವುದಿಲ್ಲ. ನಾಲ್ಕನೆಯದು ಯಾವಾಗ ಕಳಿಸುತ್ತೀರಿ?