ಗಿಣಿಮೂಗಿನ ಉಬ್ಬು ಕೆತ್ತದೆ ಇಳಿಸುವುದು: ಪ್ರಿಸರ್ವೇಶನ್ ರೈನೋಪ್ಲಾಸ್ಟಿ ಪ್ರಶ್ನೋತ್ತರ

ಪ್ರಶ್ನೆ: ತಂಗಿಗೆ 24 ವರ್ಷ, ಮೂಗಿನ ಮೇಲೆ ಉಬ್ಬು ಎದ್ದು ಕಾಣುತ್ತದೆ. ಒಬ್ಬ ಡಾಕ್ಟರು ಕೆತ್ತಿ ತೆಗೆಯೋಣ ಅಂದರು. ಇನ್ನೊಬ್ಬರು ‘ಪ್ರಿಸರ್ವೇಶನ್ ರೈನೋಪ್ಲಾಸ್ಟಿ’ (ಇದ್ದ ಬೆನ್ನನ್ನು ಉಳಿಸಿಕೊಂಡೇ ಮೂಗಿನ ಆಕಾರ ತಿದ್ದುವ ಆಪರೇಷನ್) ಮಾಡೋಣ, ಮೇಲ್ಭಾಗ ಮುಟ್ಟುವುದೇ ಇಲ್ಲ ಅಂದರು. ಮುಟ್ಟದೆ ಉಬ್ಬು ಇಳಿಯೋದು ಹೇಗೆ?

ಉತ್ತರ (ಇಎನ್‌ಟಿ ಸರ್ಜನ್): ಹೆಂಚಿನ ಮನೆ ತಗ್ಗಿಸಲು ಹೆಂಚು ಕಿತ್ತು ಮತ್ತೆ ಹೊದಿಸಬಹುದು, ಇಲ್ಲವೇ ಮಾಡನ್ನು ಹಾಗೇ ಬಿಟ್ಟು ಕೆಳಗಿನ ಗೋಡೆ ಮೋಟು ಮಾಡಬಹುದು. ಇದು ಎರಡನೆಯ ದಾರಿ. ಮೂಗಿನ ಬೆನ್ನಿನಲ್ಲಿ ಮೇಲೆ ಎರಡು ಮೂಳೆ, ಅದರ ಕೆಳಗೆ ಎರಡು ಮೃದ್ವಸ್ಥಿ (ಕಾರ್ಟಿಲೇಜ್) ಹಾಳೆ, ಒಳಗೆ ನಡುಗೋಡೆಯಾಗಿ ಸೆಪ್ಟಮ್. ಬೆನ್ನಿಗೆ ತಾಗಿದಂತೆಯೇ ಸೆಪ್ಟಮ್ಮಿನಿಂದ ಒಂದು ಪಟ್ಟಿ ತೆಗೆಯುತ್ತಾರೆ. ಮೊದಲು ಸಣ್ಣದು, ಇಳಿದದ್ದು ಸಾಲದಿದ್ದರೆ ಇನ್ನೊಂದಿಷ್ಟು. ಒಮ್ಮೆಗೇ ಜಾಸ್ತಿ ತೆಗೆದರೆ ಮೂಗು ಕುಸಿದೀತು. ಆಮೇಲೆ ಎರಡೂ ಪಕ್ಕದ ಮೂಳೆ ಮತ್ತು ಕಣ್ಣುಗಳ ನಡುವಿನ ಬುಡವನ್ನು ಬಿಡಿಸಿದರೆ ಇಡೀ ಬೆನ್ನು ಒಂದೇ ತುಂಡಾಗಿ ಕೆಳಗಿಳಿಯುತ್ತದೆ. ಕೊನೆಗೆ ಅದನ್ನು ಸೆಪ್ಟಮ್ಮಿಗೆ ಪಿಡಿಎಸ್‌ನಂಥ ಕರಗುವ ದಾರದಿಂದ ಹೊಲಿಯಬೇಕು.

‘ಮುಟ್ಟುವುದೇ ಇಲ್ಲ’ ಅನ್ನೋದು ಪೂರ್ತಿ ಸರಿಯಲ್ಲ. ಮೂಳೆಯ ನೆತ್ತಿಯನ್ನು ಸ್ವಲ್ಪ ಉಜ್ಜಬೇಕಾಗುವುದು ಸಾಮಾನ್ಯ. ಹೊಸ ವಿದ್ಯೆಯೂ ಅಲ್ಲ: ಅಮೆರಿಕದ ಸರ್ಜನ್‌ಗಳಾದ ಗುಡೇಲ್ 1899ರಲ್ಲೇ, ಲಾಥ್ರಪ್ 1914ರಲ್ಲಿ ಇದನ್ನು ವಿವರಿಸಿದ್ದರು. ಈಗಿನ ಹೆಸರು ಕೊಟ್ಟವರು ಪ್ಲಾಸ್ಟಿಕ್ ಸರ್ಜನ್ ರೋಲಿನ್ ಡೇನಿಯಲ್, 2018ರಲ್ಲಿ.

ಪ್ರಶ್ನೆ: ಹಾಗಾದರೆ ಕೆತ್ತಿದರೆ ತೊಂದರೆಯೇನು?

ಉತ್ತರ (ಪ್ಲಾಸ್ಟಿಕ್ ಸರ್ಜನ್): ಕೆತ್ತಿದಾಗ ಮಾಡು ತೆರೆದುಕೊಳ್ಳುತ್ತದೆ. ಪಕ್ಕದ ಮೂಳೆಗಳನ್ನು ಒಳಕ್ಕೆ ತಂದು ಮುಚ್ಚಬೇಕು. ಮೃದ್ವಸ್ಥಿ ಹಾಳೆಗಳಿಗೆ ಆಸರೆ ಕೊಡದಿದ್ದರೆ ಅವು ಒಳಗೆ ಜಾರಿ, ಬೆನ್ನ ಮೇಲೆ ತಲೆಕೆಳಗಾದ ‘ವಿ’ ಆಕಾರದ ನೆರಳು ಮೂಡುತ್ತದೆ. ಅದಕ್ಕಿಂತ ಗಂಭೀರವಾದದ್ದು ಉಸಿರು: ಹಾಳೆಗೂ ಸೆಪ್ಟಮ್ಮಿಗೂ ನಡುವಿನ ಕೋನ ಇರೋದೇ 10ರಿಂದ 15 ಡಿಗ್ರಿ, ಅದು ಕಿರಿದಾದರೆ ಮೂಗು ಕಟ್ಟುತ್ತದೆ. ಸ್ಪ್ರೆಡರ್ ಗ್ರಾಫ್ಟ್ (ಹಾಳೆಗೂ ಸೆಪ್ಟಮ್ಮಿಗೂ ನಡುವೆ ಕೂರಿಸುವ ಮೃದ್ವಸ್ಥಿ ಪಟ್ಟಿ) ಇಟ್ಟು ಇದನ್ನು ತಡೆಯುತ್ತೇವೆ, ಚೆನ್ನಾಗಿ ಮಾಡಿದರೆ ಫಲಿತಾಂಶವೂ ಒಳ್ಳೆಯದೇ. ಆದ್ದರಿಂದ ಕೆತ್ತುವವರು ಹಳಬರು ಅಂತ ತಳ್ಳಿಹಾಕಬೇಡಿ.

ಪ್ರಶ್ನೆ: ಪುಶ್-ಡೌನ್, ಲೆಟ್-ಡೌನ್ ಅಂತ ಓದಿದೆ. ಉಬ್ಬು ವಾಪಸ್ ಬರುತ್ತದೆ ಅಂತಲೂ.

ಉತ್ತರ (ಇಎನ್‌ಟಿ ಸರ್ಜನ್): ಪುಶ್-ಡೌನ್‌ನಲ್ಲಿ ಬಿಡಿಸಿದ ಮೂಳೆ ಮೇಲ್ದವಡೆ ಮೂಳೆಯ ಒಳಬದಿಗೆ ಜಾರುತ್ತದೆ, ಸಣ್ಣ ಉಬ್ಬಿಗೆ ಸಾಕು. ಹೆಚ್ಚು ಇಳಿಸಬೇಕಾದಲ್ಲಿ ಹೀಗೆ ಜಾರಿದ ಮೂಳೆಯೇ ಉಸಿರಿನ ದಾರಿಗೆ ಅಡ್ಡವಾದೀತು. ಆಗ ಲೆಟ್-ಡೌನ್: ಎರಡೂ ಪಕ್ಕ ಒಂದೊಂದು ಬೆಣೆಯಾಕಾರದ ಮೂಳೆ ತೆಗೆದು ಜಾಗ ಮಾಡುತ್ತೇವೆ. ಒಂದು ಪಕ್ಕದ ಬೆಣೆ ದೊಡ್ಡದಿದ್ದರೆ ಮೂಗು ಅತ್ತ ವಾಲುತ್ತದೆ. ಬೆನ್ನು ನೇರವಾಗಿದ್ದೂ ಇಡಿಯಾಗಿ ಒಂದು ಪಕ್ಕಕ್ಕೆ ವಾಲಿದ ಮೂಗಿಗೆ ಅದನ್ನೇ ಬೇಕೆಂದು ಮಾಡುವುದೂ ಉಂಟು.

ಹೌದು, ಉಬ್ಬು ಮರಳಬಹುದು, ಈ ವಿಧಾನದ ನಿಜವಾದ ದೌರ್ಬಲ್ಯ ಅದೇ. ಮೃದ್ವಸ್ಥಿ ಸ್ಪ್ರಿಂಗಿನಂತೆ, ಬಗ್ಗಿಸಿದರೆ ಮೇಲೇಳುತ್ತದೆ. ತೆಗೆದ ಪಟ್ಟಿ ಸಾಲದಿದ್ದರೆ, ಮೂಳೆ–ಮೃದ್ವಸ್ಥಿ ಸೇರುವ ಪಕ್ಕದ ಬೆಸುಗೆ ಬಿಡಿಸದಿದ್ದರೆ, ಹೊಲಿಗೆ ಸಡಿಲಾದರೆ ಹಾಗಾಗುತ್ತದೆ. ಬುಡದಲ್ಲಿ ಮೆಟ್ಟಿಲಿನಂಥ ತಗ್ಗು ಉಳಿಯುವ ಅಪಾಯವೂ ಇದೆ.

ಪ್ರಶ್ನೆ: ಯಾರಿಗೆ ಬೇಡ?

ಉತ್ತರ (ಪ್ಲಾಸ್ಟಿಕ್ ಸರ್ಜನ್): ಬೆನ್ನು ನೇರವಾಗಿ, ಸಮನಾಗಿದ್ದು ಎತ್ತರ ಮಾತ್ರ ಜಾಸ್ತಿ ಇದ್ದರೆ ಇದು ಹೇಳಿಮಾಡಿಸಿದ್ದು. ಪೆಟ್ಟು ಬಿದ್ದು ಅಂಕುಡೊಂಕಾದ ಅಥವಾ ತೀರಾ ಅಗಲದ ಬೆನ್ನಿಗೆ ಬೇಡ. ಇದ್ದ ಆಕಾರವನ್ನೇ ಉಳಿಸುವ ವಿಧಾನ, ಡೊಂಕೂ ಉಳಿಯುತ್ತದೆ. ಹಿಂದೆ ಸೆಪ್ಟಮ್ ಆಪರೇಷನ್ ಆಗಿದ್ದರೆ ಇಳಿದ ಬೆನ್ನಿಗೆ ಆಸರೆ ಉಳಿದಿದೆಯೇ ಎಂದು ಮೊದಲು ನೋಡಬೇಕು.

ಪ್ರಶ್ನೆ: ಆಮೇಲೆ ಎಷ್ಟು ದಿನ? ಅವಳಿಗೆ ಮೂಗುತಿ, ಕನ್ನಡಕ ಎರಡೂ ಇವೆ.

ಉತ್ತರ (ಪ್ಲಾಸ್ಟಿಕ್ ಸರ್ಜನ್): ಮೂಗಿನ ಮೇಲೆ ಹಾಕುವ ಅಚ್ಚು (ಸ್ಪ್ಲಿಂಟ್) ಸುಮಾರು ಒಂದು ವಾರ. ಮೂಗುತಿ ಮೊದಲೇ ತೆಗೆಸಿ. ಮತ್ತೆ ಹಾಕುವ ದಿನ ಸರ್ಜನ್ ಹೇಳಲಿ. ಮೂಳೆ ಕೂಡುವ ತನಕ, ನಾಲ್ಕರಿಂದ ಆರು ವಾರ, ಕನ್ನಡಕದ ಭಾರ ಬೆನ್ನ ಮೇಲೆ ಬೀಳಬಾರದು. ಹಣೆಗೆ ಟೇಪ್ ಹಾಕಿ ತೂಗುಬಿಡಬಹುದು. ತುದಿಯ ಊತ ಪೂರ್ತಿ ಇಳಿಯಲು ವರ್ಷ ಹಿಡಿದೀತು, ದಪ್ಪ ಚರ್ಮಕ್ಕೆ ಇನ್ನೂ ನಿಧಾನ.