ಕೈಕಾಲು ಜಾಡಿಸದೆಯೂ ಹಸುಗೂಸಿಗೆ ಫಿಟ್ಸ್ ಬರುತ್ತಾ?

ಮಗುವಿನ ಚಿಕ್ಕಮ್ಮ, ಹಾಸನ:
ಅಕ್ಕನ ಮಗು ಹುಟ್ಟಿ ಎರಡು ದಿನ ಆಯಿತು. ಹುಟ್ಟಿದಾಗ ಅಳಲಿಲ್ಲ, ಹಸುಗೂಸುಗಳ ತೀವ್ರ ನಿಗಾ ಘಟಕ ಎನ್‌ಐಸಿಯುನಲ್ಲಿ ಇಟ್ಟಿದ್ದಾರೆ. ನಿನ್ನೆ ಸೈಕಲ್ ತುಳಿಯುವ ಹಾಗೆ ಕಾಲಾಡಿಸುತ್ತಿತ್ತು, ಬಾಯಿ ಚಪ್ಪರಿಸುತ್ತಿತ್ತು. ಆಟ ಆಡ್ತಿದೆ ಅಂತ ನಾವು ಖುಷಿಪಟ್ಟೆವು. ಡಾಕ್ಟರ್ ನೋಡಿ ಫಿಟ್ಸ್ ಅಂದರು, ಅದನ್ನು ನಿಲ್ಲಿಸುವ ಔಷಧಿ ಫಿನೋಬಾರ್ಬಿಟೋನ್ ಕೊಟ್ಟರು. ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಮಾಡಬೇಕಂತೆ. ಅಮ್ಮ ಇದು ಬಾಲಗ್ರಹ, ತಾಯತ ಕಟ್ಟಿಸೋಣ ಅನ್ನುತ್ತಿದ್ದಾರೆ. ಇದು ನಿಜವಾಗಿ ಫಿಟ್ಸೇನಾ? ಜೀವನಪೂರ್ತಿ ಔಷಧಿ ಬೇಕಾ?

ಎನ್‌ಐಸಿಯು ನರ್ಸ್, ಹುಬ್ಬಳ್ಳಿ:
ಹೌದಮ್ಮ, ಇರಬಹುದು. ಹಸುಗೂಸಿನ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ, ಅದಕ್ಕೇ ದೊಡ್ಡವರ ಹಾಗೆ ಮೈಯೆಲ್ಲ ಜಾಡಿಸುವುದು ಕಡಿಮೆ. ಕಣ್ಣು ಒಂದೇ ಕಡೆ ನೆಟ್ಟು ನಿಲ್ಲುವುದು, ಬಾಯಿ ಚಪ್ಪರಿಸುವುದು, ಉಸಿರು ನಿಲ್ಲಿಸುವುದು, ಇವೂ ಫಿಟ್ಸ್ ಆಗಿರಬಹುದು. ಕೈಕಾಲು ನಡುಗುತ್ತಿದ್ದರೆ ನಾವು ಮೆತ್ತಗೆ ಹಿಡಿದು ನೋಡುತ್ತೇವೆ. ಹಿಡಿದ ಕೂಡಲೇ ನಿಂತರೆ ಸಾಮಾನ್ಯವಾಗಿ ಬರೀ ನಡುಕ. ಹಿಡಿದರೂ ಅದರುತ್ತಿದ್ದರೆ, ಕಣ್ಣೂ ತಿರುಗಿದರೆ, ತಕ್ಷಣ ಡಾಕ್ಟರನ್ನು ಕರೆಯುತ್ತೇವೆ.

ಇಇಜಿ ಬೇಡ ಅನ್ನಬೇಡಿ. ಹೊರಗೆ ಏನೂ ಕಾಣದೆ ಮೆದುಳಿನಲ್ಲಿ ಮಾತ್ರ ನಡೆಯುವ ಫಿಟ್ಸ್ ಈ ವಯಸ್ಸಿನಲ್ಲಿ ಜಾಸ್ತಿ. ಔಷಧಿ ಕೊಟ್ಟ ಮೇಲೆ ಮೈ ಸುಮ್ಮನಾದರೂ ಒಳಗೆ ನಡೆಯುತ್ತಲೇ ಇರಬಹುದು. ನಮ್ಮಲ್ಲಿ ಮೊದಲು ನೋಡುವುದು ರಕ್ತದ ಸಕ್ಕರೆ, ಆಮೇಲೆ ಕ್ಯಾಲ್ಸಿಯಂ. ಸಕ್ಕರೆ ಇಳಿದಿದ್ದರೆ ಸಕ್ಕರೆ ದ್ರಾವಣ ಡೆಕ್ಸ್‌ಟ್ರೋಸ್ ಕೊಟ್ಟು ಅದನ್ನು ಸರಿಮಾಡಲೇಬೇಕು. ಹುಟ್ಟುವಾಗ ಮೆದುಳಿಗೆ ಆಮ್ಲಜನಕ ಸಾಲದೆ ಹೋಗುವುದು ದೊಡ್ಡ ಕಾರಣ. ಸೋಂಕು, ಮೆದುಳಿನ ರಕ್ತಸ್ರಾವವೂ ಇರಬಹುದು.

ತಾಯತದ ಬಗ್ಗೆ ಅಮ್ಮನ ಜೊತೆ ಜಗಳ ಬೇಡ. ಆದರೆ ಬಜೆ, ಜೇನುತುಪ್ಪ ಬಾಯಿಗೆ ಹಾಕಲು, ಬರೆ ಎಳೆಯಲು ಮಾತ್ರ ಯಾರಿಗೂ ಬಿಡಬೇಡಿ. ಬರೆ ಬಿದ್ದ ಎಳೆ ಮೈ ನೋಡಿದರೆ ಕರುಳು ಕಿತ್ತು ಬರುತ್ತದೆ.

ಒಬ್ಬ ತಂದೆ, ಮೈಸೂರು:
ನಮ್ಮ ಮಗಳಿಗೂ ಹೀಗೇ ಆಗಿತ್ತು. ಮನೆಗೆ ಕಳಿಸುವ ಮೊದಲೇ ಔಷಧಿ ನಿಲ್ಲಿಸಿದರು. ಈಗ ಶಾಲೆಗೆ ಹೋಗುತ್ತಾಳೆ. ಧೈರ್ಯವಾಗಿರಿ.

ಮಗುವಿನ ಚಿಕ್ಕಮ್ಮ, ಹಾಸನ:
ಓದಿ ಅಕ್ಕ ಅತ್ತುಬಿಟ್ಟಳು. ಮಗು ತುಂಬಾ ಮಂಪರಿನಲ್ಲಿದೆ, ಹಾಲು ಚೀಪುತ್ತಿಲ್ಲ. ಔಷಧಿಯಿಂದಲಾ?

ಎನ್‌ಐಸಿಯು ನರ್ಸ್, ಹುಬ್ಬಳ್ಳಿ:
ಫಿನೋಬಾರ್ಬಿಟೋನ್‌ಗೆ ಮಂಪರು ಬರುತ್ತದೆ, ಉಸಿರೂ ನಿಧಾನವಾಗಬಹುದು. ಅದಕ್ಕೇ ಮಾನಿಟರ್ ಹಾಕಿರುತ್ತಾರೆ. ಕಾಯಿಲೆಯಿಂದಲೂ ಮಂಪರು ಇರಬಹುದು, ಡಾಕ್ಟರಿಗೆ ಹೇಳಿ. ಎಲ್ಲ ಮಕ್ಕಳಿಗೂ ಒಂದೇ ಥರ ಆಗುವುದಿಲ್ಲ. ಆದರೂ ಫಿಟ್ಸ್ ನಿಂತ ಮೇಲೆ, ಮೂರ್ಛೆರೋಗದ (ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆಯ) ಗುರುತು ಇಲ್ಲದಿದ್ದರೆ, ಮನೆಗೆ ಕಳಿಸುವ ಮೊದಲೇ ಔಷಧಿ ನಿಲ್ಲಿಸಿ ಅಂತ ಮೂರ್ಛೆರೋಗ ತಜ್ಞರ ಅಂತಾರಾಷ್ಟ್ರೀಯ ಸಂಘ ಐಎಲ್‌ಎಇ 2023ರಲ್ಲಿ ಹೇಳಿದೆ. ಯಾವಾಗ ನಿಲ್ಲಿಸುತ್ತೀರಿ ಅಂತ ಡಾಕ್ಟರನ್ನು ಕೇಳಿ. ಅಕ್ಕ ಈಗಿನಿಂದಲೇ ಹಾಲು ಹಿಂಡಿ ಕೊಡಲಿ, ನಳಿಕೆಯಲ್ಲಿ ಕುಡಿಸಬಹುದಾ ಅಂತ ಸಿಸ್ಟರ್ ಹೇಳುತ್ತಾರೆ.